ಟೀ ಕುಡಿಸಿ ಕೆಲಸ ಕಲಿಸಿದೋರಿಗೆಲ್ಲ ಥ್ಯಾಂಕ್ಸ್

ಫ್ರೆಂಡ್ಸ್, ಸುಮಾರು ಜನಕ್ಕೆ ಫೋನಲ್ಲೇ ಹೇಳಿದೀನಿ, ಬಿಟ್ಟೋಗಿರೋರು ಬೇಜಾರ್ ಮಾಡ್ಕೋಬೇಡಿ, ಇಲ್ಲಿ ಹೇಳ್ತಿದೀನಿ. ಬೆಂಗಳೂರಿನ ಒಂದು ನಾಟಕ ತಂಡ ಈ ಸಲದ ಟೂರಿಗೆ ನನ್ನನ್ನ ಲೈಟ್ ಡಿಸೈನ್‌ಗೆ ತಗೊಂಡಿದೆ. ತಿಂಗಳ ಸಂಬಳ, ಊಟ, ವಸತಿ, ಕರಪತ್ರದಲ್ಲಿ 'ಬೆಳಕು' ಅಂತ ಇರೋ ಕಡೆ ನನ್ನ ಹೆಸರು. ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಮಂಡ್ಯದಲ್ಲಿ ಮೋಟ್ರು ವೈಂಡಿಂಗ್ ಅಂಗಡೀಲಿ ಕೂತಿದ್ದೋನಿಗೆ ಇದು ಸಣ್ಣ ವಿಷಯ ಅಲ್ಲ.

ಡೈರೆಕ್ಟರ್ ಸರ್ ಸರ್ಟಿಫಿಕೇಟ್ ಕೇಳ್ಲಿಲ್ಲ. 'ಮೈಸೂರಿನ ಕಿರುರಂಗಮಂದಿರದಲ್ಲಿ ಕಾಲೇಜ್ ಹುಡುಗ್ರು ಒಂದು ನಾಟಕ ಮಾಡಿದ್ರಲ್ಲ, ಕೊನೇಲಿ ಅಜ್ಜಿ ಬಾಗಿಲಲ್ಲಿ ನಿಂತಾಗ ಮುಂದಿನ ಲೈಟೆಲ್ಲ ಇಳಿಸಿ ಪಕ್ಕದಿಂದ ಒಂದೇ ಒಂದು ಬಿಟ್ಟಿದ್ದೋನು ನೀನೇನಾ' ಅಂದ್ರು. ಹೌದು ಸರ್ ಅಂದೆ. ಇಂಟರ್ವ್ಯೂ ಅಷ್ಟೇ. ಆ ನಾಟಕಕ್ಕೆ ನನಗೆ ಸಿಕ್ಕಿದ್ದು ಟೀ, ಚಿತ್ರಾನ್ನ, ಸ್ಟೇಜ್ ಮೇಲೆ ಕರೆದು ಕೊಟ್ಟ ಒಂದು ಗುಲಾಬಿ ಹೂವು.

ಆಗ ದುಡ್ಡು ಕೊಡೋ ಕೆಲಸಾನೂ ಇತ್ತು. ಮೈಸೂರಲ್ಲಿ ಫಂಕ್ಷನ್ ಲೈಟಿಂಗ್ ಮಾಡೋರ ಹತ್ರ ಹೋಗ್ತಿದ್ದೆ, ರಿಸೆಪ್ಷನ್ನು, ದಸರಾ ಬಂದ್ರೆ ಅಲ್ಲಿ ಇಲ್ಲಿ ಪ್ರೋಗ್ರಾಮು, ಸಂಜೆಗೆ ಕೂಲಿ ಕೈಗೆ, ಒಂದಿನಾನೂ ಬಾಕಿ ಇಟ್ಕೊಂಡೋರಲ್ಲ. ಆದ್ರೆ ಕೆಲಸ ಅಂದ್ರೆ ಟ್ರಸ್ (ಲೈಟ್ ನೇತಾಕೋ ಲೋಹದ ಚೌಕಟ್ಟು) ಹೊರೋದು, ಕೇಬಲ್ ಎಳೆಯೋದು, ಮತ್ತೆ ಸುತ್ತಿ ಗಾಡಿಗೆ ಹಾಕೋದು. ಲೈಟ್ ಏರಿಸಿ ಇಳಿಸೋ ಬೋರ್ಡ್ ಮುಟ್ಟೋಕೆ ಬಿಡ್ತಿರ್ಲಿಲ್ಲ, ಬಿಡೋದಾದ್ರೂ ಹೆಂಗೆ, ಪಾರ್ಟಿಯೋರು ಲಕ್ಷಗಟ್ಲೆ ಸುರಿದಿರ್ತಾರೆ, ಹೊಸಬನ ಕೈಗೆ ಯಾರು ಕೊಡ್ತಾರೆ. ಕೂಲಿ ಕೊಡೋರು ನಮಗೆ ಬರೋ ಕೆಲಸಕ್ಕೆ ಕೊಡ್ತಾರೆ, ಬರದೇ ಇರೋದನ್ನ ಕಲೀಲಿ ಪಾಪ ಅಂತ ಯಾರೂ ಕೊಡಲ್ಲ. ಹವ್ಯಾಸಿ ತಂಡದಲ್ಲಿ ಡೈರೆಕ್ಟರಿಂದ ಹಿಡಿದು ಯಾರಿಗೂ ಒಂದು ರೂಪಾಯಿ ಇಲ್ಲ, ಅದಕ್ಕೇ 'ಏ ನೀನೇ ಮಾಡಪ್ಪ, ಬೇರೆ ಯಾರಿದಾರೆ' ಅಂತ ಬೋರ್ಡ್ ನನ್ನ ಮುಂದೆ ಬಂತು.

ಮೊದಲ ಥ್ಯಾಂಕ್ಸ್ ನಮ್ಮ ಲೈಟ್ ಮೇಷ್ಟ್ರಿಗೆ. ಹೆಸರು ಹಾಕಿದ್ರೆ ಬೈತಾರೆ, ಹಾಕಲ್ಲ. ಮೈಸೂರಿನ ಕಲಾಮಂದಿರದ ಕಾಂಪೌಂಡಲ್ಲಿ, ಅಲ್ಲಿನ ರಂಗಾಯಣ ನಾಟಕ ಸಂಸ್ಥೆಯ ಭೂಮಿಗೀತ, ವನರಂಗ ಅನ್ನೋ ರಂಗಮಂದಿರಗಳ ಹತ್ರ ಸಂಜೆ ಹೊತ್ತು ಅಡ್ಡಾಡಿರೋರಿಗೆಲ್ಲ ಗೊತ್ತಿರೋ ಮನುಷ್ಯ. ಮೊದಲು ಕಲಿಸಿದ್ದು ಸ್ಪಾಟ್ ಒಳಗಿನ ಹ್ಯಾಲೊಜೆನ್ ಬಲ್ಬನ್ನ ಬರಿಗೈಲಿ ಮುಟ್ಟಬಾರದು ಅಂತ, ಬೆರಳಿನ ಜಿಡ್ಡು ಅಂಟಿದ ಜಾಗ ಜಾಸ್ತಿ ಕಾದು ಬಲ್ಬ್ ಹೋಗುತ್ತೆ, ಅದಕ್ಕೆ ಜೇಬಲ್ಲಿ ಯಾವಾಗ್ಲೂ ಒಂದು ಒಗೆದ ಕರ್ಚೀಫು. ಒಂದು ಪಾರ್ ಲೈಟ್ (ಸ್ಟೇಜಿಗೆ ಹಾಕೋ ಡಬ್ಬಿ ಥರದ ಲೈಟು) 1000 ವ್ಯಾಟ್, ಅಂದ್ರೆ ನಾಲ್ಕು ಆಂಪ್ಸ್ ಮೇಲೇನೆ, 16 ಆಂಪ್ಸ್ ಲೈನಿಗೆ ಮೂರಕ್ಕಿಂತ ಜಾಸ್ತಿ ಹಾಕಬೇಡ, ಇದೆಲ್ಲ ಐಟಿಐಲಿ ಓದಿದ್ದ ನನಗೆ ಬೇಗ ಹತ್ತಿತು. ಹತ್ತದೇ ಇದ್ದಿದ್ದು ಮುಖ. ನೇರ ಮುಂದಿನಿಂದ ಲೈಟ್ ಹೊಡೆದ್ರೆ ಮುಖ ಆಧಾರ್ ಕಾರ್ಡ್ ಫೋಟೋ ಥರ ಚಪ್ಪಟೆ ಆಗುತ್ತೆ, ಮೇಲಿಂದ 45 ಡಿಗ್ರಿ ಇಳಿಜಾರಲ್ಲಿ ಎಡಕ್ಕೊಂದು ಬಲಕ್ಕೊಂದು ಹಾಕಿ ಒಂದಕ್ಕೆ ಹಳದಿ ಥರದ ಬಿಸಿ ಬಣ್ಣ ಇನ್ನೊಂದಕ್ಕೆ ನೀಲಿ ಥರದ ತಂಪು ಬಣ್ಣ ಕೊಟ್ರೆ ಮೂಗು ಕಣ್ಣು ಎದ್ದು ಕಾಣುತ್ತೆ, ಅಮೆರಿಕದ ಮೆಕ್‌ಕ್ಯಾಂಡ್ಲೆಸ್ ಅನ್ನೋ ಮೇಷ್ಟ್ರು 1930ರ ದಶಕದಲ್ಲೇ ಹೇಳ್ಕೊಟ್ಟಿದ್ದಂತೆ. ಹ್ಯಾಲೊಜೆನ್ ಇಳಿಸ್ತಾ ಹೋದಂಗೆ ಕೆಂಪಗಾಗುತ್ತೆ, ಎಲ್‌ಇಡಿ ಹಂಗೆ ತಾನಾಗೇ ಆಗಲ್ಲ, ಸಾಯಂಕಾಲದ ಸೀನಿಗೆ ಯಾವುದು ಬೇಕು ನೀನೇ ಯೋಚ್ನೆ ಮಾಡು ಅಂತ ಬಿಟ್ಟು ಹೊರಗೆ ಟೀಗೆ ಹೋಗ್ಬಿಡೋರು. ಖಾಲಿ ಸ್ಟೇಜ್ ಮೇಲೆ ಒಂದು ಕುರ್ಚಿ ಇಟ್ಕೊಂಡು ಏರಿಸಿ ಇಳಿಸಿ ನೋಡ್ತಾ ಕೂರೋದು, ಅಷ್ಟು ಹೊತ್ತು ಕರೆಂಟು, ಸ್ಟೇಜು, ಲೈಟು ನನ್ನೊಬ್ಬನ ಕೈಯಲ್ಲಿ, ಇದಕ್ಕೆ ಬಾಡಿಗೆ ಲೆಕ್ಕ ಹಾಕಿದ್ರೆ ನಾನೇ ಅವ್ರಿಗೆ ದುಡ್ಡು ಕೊಡಬೇಕಿತ್ತು.

(ಎಲ್ಲರೂ ಕೇಳ್ತಾರೆ, ಅರಮನೆ ಲೈಟಿಂಗ್ ನೋಡಿ ಹುಚ್ಚು ಹಿಡೀತಾ ಅಂತ. ಇಲ್ಲ ಮಾರಾಯ್ರೆ. ಅದು ಲಕ್ಷದ ಹತ್ರ ಬಲ್ಬು, ನೋಡೋಕೆ ಚೆಂದ, ಆದ್ರೆ ಅಲ್ಲಿ ಆನು ಆಫು ಅಷ್ಟೇ.)

ನಮ್ಮ ಮಂಡ್ಯ ಕಡೆಯೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಕುರುಕ್ಷೇತ್ರ ನಾಟಕ ಕಟ್ಟೋವಾಗ ಪಾರ್ಟ್ ಮಾಡೋರು ದುಡ್ಡು ತಗೊಳಲ್ಲ, ತಾವೇ ಕೊಟ್ಟು ಪಾರ್ಟ್ ತಗೋತಾರೆ, ಕೃಷ್ಣಂಗೂ ದುರ್ಯೋಧನಂಗೂ ರೇಟ್ ಜಾಸ್ತಿ. ಹಾರ್ಮೋನಿಯಂ ಮೇಷ್ಟ್ರಿಗೆ, ಸೀನರಿಯೋರಿಗೆ ಮಾತ್ರ ದುಡ್ಡು. ಬೆಳಗ್ಗೆ ಹಾಲು ಡೈರಿಗೆ ಹಾಕೋನು ರಾತ್ರಿ ಕಿರೀಟ ಹಾಕ್ಕೊಂಡು ಕಂದಪದ್ಯ ಎತ್ತಿದ್ರೆ ಬೆಳಗಾಗೋವರೆಗೂ ಜನ ಎದ್ದೋಗಲ್ಲ. ಅಲ್ಲೂ ನನ್ನ ಬಿಟ್ಟಿ ಚಾಕರಿ ನಡೆದಿದೆ, ನಮ್ಮೂರಿನ ಭೀಮ, ಶಕುನಿ ಎಲ್ಲರಿಗೂ ಥ್ಯಾಂಕ್ಸ್, ಮೈಮೇಲೆ ಲೈಟ್ ಬಿದ್ದಾಗ ನಿಂತ ಜಾಗ ಬಿಟ್ಟು ಓಡಾಡೋದು ಮಾತ್ರ ಕಮ್ಮಿ ಮಾಡ್ಕೊಳಿ.

ಈಗ ನಿಜವಾದ ಥ್ಯಾಂಕ್ಸು. ನಾನು ಫ್ರೀಯಾಗಿ ಮಾಡ್ದೆ ಫ್ರೀಯಾಗಿ ಮಾಡ್ದೆ ಅಂತ ಎದೆ ತಟ್ಕೊಂಡು ಹೇಳ್ತಿದೀನಲ್ಲ, ಅದು ಫ್ರೀ ಅಲ್ಲ, ನಮ್ಮಕ್ಕ ದುಡ್ಡು ಕಟ್ಟಿದಾಳೆ. ಗಾರ್ಮೆಂಟ್ಸ್ ಕೆಲಸ, ಬೆಳಗ್ಗೆ ಕತ್ತಲಲ್ಲೇ ವ್ಯಾನ್ ಹತ್ತೋಳು, ಮನೆ ಬಾಡಿಗೆ ಅವಳದು, ಅಮ್ಮನ ಬಿಪಿ ಶುಗರ್ ಮಾತ್ರೆ ಅವಳದು, ಮೈಸೂರಿಗೆ ನನ್ನ ಬಸ್ ಪಾಸೂ ಅವಳದು. ರಾತ್ರಿ ಲಾಸ್ಟ್ ಬಸ್ಸಿಗೆ ಬಂದ್ರೆ ತಟ್ಟೆ ಮುಚ್ಚಿಟ್ಟು ಮಲಗಿರೋಳು. ಅಮ್ಮ ಒಂದಿನ 'ಇವನ್ಗೆ ಯಾವಾಗ್ಲಾ ಸಂಬಳ ಬರೋದು' ಅಂತ ಗೊಣಗಿದ್ದಕ್ಕೆ 'ಸುಮ್ಕಿರವ್ವ, ಕಲೀಲಿ ಬುಡು, ನಾನಿಲ್ವಾ' ಅಂದ್ಲು. ಮನೇಲಿ ಅವಳ ಸಂಬಳ ಬರದೇ ಇದ್ದಿದ್ರೆ ನಾನು ಇವತ್ತಿಗೂ ಟ್ರಸ್ ಹೊರ್ತಿದ್ದೆ, ನನಗಿಂತ ಚೆನ್ನಾಗಿ ಮಾಡೋ ಹುಡುಗ್ರು ಇದೇ ಕಾರಣಕ್ಕೆ ಹೊರ್ತಾನೇ ಇದಾರೆ. ಅದಕ್ಕೇ ಯಾರಾದ್ರೂ 'ಮೊದಲು ಫ್ರೀಯಾಗಿ ಮಾಡಿ, ದುಡ್ಡು ಹಿಂದೆ ಬರುತ್ತೆ' ಅಂತ ಎಲ್ಲರಿಗೂ ಉಪದೇಶ ಮಾಡಿದ್ರೆ ನನಗೆ ರೇಗುತ್ತೆ.

ಇನ್ನೊಂದು. ಒಂದು ಕಡೆ ಟಿಕೆಟ್ ಇಟ್ಟು, ಸ್ಪಾನ್ಸರ್ ಬ್ಯಾನರ್ ಕಟ್ಟಿ, ಆಮೇಲೆ ನನಗೆ 'ನಿಮಗೂ ಹೆಸರು ಬರುತ್ತೆ ಸರ್, ಪೇಮೆಂಟ್ ಬೇಡ ಅಲ್ವಾ' ಅಂದ್ರು. ಬರಲ್ಲ ಅಂದೆ. ಎಲ್ಲರೂ ಕೈಯಿಂದ ಹಾಕ್ಕೊಂಡು ಮಾಡೋ ಕಡೆ ನಾನೂ ಬಿಟ್ಟಿ ಮಾಡ್ತೀನಿ, ಒಬ್ಬನ ಜೇಬು ತುಂಬೋ ಕಡೆ ಮಾಡಲ್ಲ, ಟೂರ್ ಮುಗಿಸ್ಕೊಂಡು ಬಂದ್ಮೇಲೂ ಇದೇ ಲೆಕ್ಕ.

ಇನ್ನ ಇನ್‌ಬಾಕ್ಸಲ್ಲಿ 'ಅಣ್ಣ ನಾನೂ ಕಲೀಬೇಕು' ಅಂತ ಕೇಳಿರೋ ಹುಡುಗ್ರು ಹುಡುಗೀರಿಗೆ: ಟೂರ್ ಹೊರಡೋ ಮುಂಚೆ ಮೈಸೂರಲ್ಲೇ ಲೈಟ್ ಸೆಟ್ಟಿಂಗ್ ಇದೆ, ಡೇಟ್ ಗೊತ್ತಾದ ತಕ್ಷಣ ಹಾಕ್ತೀನಿ. ಸಂಬಳ ಕೊಡೋಷ್ಟು ನಾನಿನ್ನೂ ದೊಡ್ಡೋನಾಗಿಲ್ಲ, ಬಸ್ ಚಾರ್ಜು, ಎರಡು ಹೊತ್ತಿನ ಊಟ ನನ್ನದು, ಬೋರ್ಡ್ ಮೇಲೆ ಕೂರಿಸೋದೂ ನನ್ನ ಜವಾಬ್ದಾರಿ. ಚಪ್ಪಲಿ ಬೇಡ, ಶೂ ಹಾಕ್ಕೊಂಡು ಬನ್ನಿ, ಒಂದು ಒಗೆದ ಕರ್ಚೀಫ್ ತನ್ನಿ.