ಸೋಪಿನ ಬ್ಯಾಕ್ಟೀರಿಯಾ ಔಷಧಿಯಲ್ಲ

ಮಾನ್ಯ ಸಂಪಾದಕರೇ,

ಆಫ್ರಿಕಾದ ಕಪ್ಪು ಸೋಪು ಈಗ ನಮ್ಮ ಆನ್‌ಲೈನ್ ಅಂಗಡಿಗಳಲ್ಲೂ ಸಿಗುತ್ತದೆ. ಮೊಡವೆ ಹೋಗುತ್ತದೆ, ಹುಳುಕಡ್ಡಿ ವಾಸಿಯಾಗುತ್ತದೆ ಎಂಬ ಮಾತು ಮೊದಲೇ ಇತ್ತು. ಅದಕ್ಕೀಗ ಇನ್ನೊಂದು ಸೇರಿದೆ: ಇದರೊಳಗಿನ ಒಳ್ಳೆ ಬ್ಯಾಕ್ಟೀರಿಯಾ ಕೆಟ್ಟ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದಂತೆ. ಸೂಕ್ಷ್ಮಜೀವಿಗಳ ಪಾಠ ಮಾಡಿ ನಿವೃತ್ತಳಾದವಳು ನಾನು. ಇದರಲ್ಲಿ ಅರ್ಧ ನಿಜ ಇದೆ. ಉಳಿದರ್ಧ ಸುಮ್ನೆ ಜೋಡಿಸಿದ್ದು.

ನೈಜೀರಿಯಾದ ಯೊರುಬಾ ಜನರಿಗೆ ಇದು 'ಒಸೆ ದುದು', ಘಾನಾದಲ್ಲಿ 'ಅಲಾಟ ಸಮಿನಾ'. ಬಾಳೆ ಸಿಪ್ಪೆ, ಕೋಕೊ ಕಾಯಿಯ ಸಿಪ್ಪೆ ಒಣಗಿಸಿ ಸುಡುತ್ತಾರೆ. ಬೂದಿಯನ್ನು ನೀರಿನಲ್ಲಿ ಕದಡಿ ಸೋಸಿದರೆ ಕ್ಷಾರ ಸಿಗುತ್ತದೆ. ಅದನ್ನು ತಾಳೆ ಬೀಜದ ಎಣ್ಣೆಯ ಜೊತೆ ಗಂಟೆಗಟ್ಟಲೆ ಕಾಯಿಸುತ್ತಾರೆ. ನಮ್ಮ ಮಡಿವಾಳರು ಬಟ್ಟೆಗೆ ಚೌಳು ಮಣ್ಣು ಹಾಕುತ್ತಿದ್ದದ್ದೂ ಕ್ಷಾರಕ್ಕಾಗಿಯೇ.

ಇಷ್ಟು ಕುದಿಸಿದ ಮೇಲೂ ಅದರಲ್ಲಿ ಜೀವ ಇರುತ್ತಾ? ಇರಬಹುದು. ಬ್ಯಾಸಿಲಸ್ ಗುಂಪಿನ ಬ್ಯಾಕ್ಟೀರಿಯಾಗಳು ಕಷ್ಟ ಬಂದಾಗ ಗಟ್ಟಿ ಕವಚದ ಬೀಜಕಗಳಾಗುತ್ತವೆ. ಕುದಿಯುವ ನೀರನ್ನೂ ತಡೆದುಕೊಳ್ಳುತ್ತವೆ. ಸೋಪು ಆರುವಾಗ ಧೂಳಿನಿಂದ, ಕೈಯಿಂದಲೂ ಬಂದು ಸೇರುತ್ತವೆ. ಬೇರೆ ಬ್ಯಾಕ್ಟೀರಿಯಾವನ್ನು ಕೊಲ್ಲುವ ವಸ್ತು ತಯಾರಿಸುವುದರಲ್ಲಿ ಈ ಗುಂಪು ನಿಸ್ಸೀಮ. ಗಾಯಕ್ಕೆ ಉದುರಿಸುವ ನಿಯೋಸ್ಪೊರಿನ್ ಪುಡಿ ಗೊತ್ತಲ್ವಾ? ಅದರ ಮೂರು ಔಷಧಿಗಳಲ್ಲಿ ಬ್ಯಾಸಿಟ್ರಾಸಿನ್ ಬ್ಯಾಸಿಲಸ್‌ನದು, ಪಾಲಿಮಿಕ್ಸಿನ್ ಅದರ ಹತ್ತಿರದ ನೆಂಟನದು. ಬ್ಯಾಸಿಟ್ರಾಸಿನ್ ಸಿಕ್ಕಿದ್ದು 1943ರಲ್ಲಿ, ಮಾರ್ಗರೆಟ್ ಟ್ರೇಸಿ ಎಂಬ ಅಮೆರಿಕದ ಹುಡುಗಿಯ ಕಾಲಿನ ಗಾಯದಲ್ಲಿದ್ದ ಬ್ಯಾಕ್ಟೀರಿಯಾದಿಂದ. ಹಾಗಾಗಿ ಸೋಪಿನಲ್ಲೂ ಹುಡುಕಲಿ, ಬೇಡ ಅನ್ನುವುದಿಲ್ಲ.

ಆದರೆ ಲ್ಯಾಬಿನಲ್ಲಿ ಆಗುವುದೇ ಬೇರೆ. ಬ್ಯಾಕ್ಟೀರಿಯಾವನ್ನು ಸೋಪಿನಿಂದ ಹೊರತೆಗೆದು, ಆಹಾರ ಕೊಟ್ಟು, ಒಂದೆರಡು ದಿನ ಬೆಚ್ಚಗಿಟ್ಟು ಬೆಳೆಸುತ್ತಾರೆ. ಆಗ ಅದು ಆ ವಸ್ತು ತಯಾರಿಸುತ್ತದೆ. ಸೋಪಿನೊಳಗೆ ಬೀಜಕವಾಗಿ ಮಲಗಿದ್ದಾಗ ಏನೂ ತಯಾರಿಸುವುದಿಲ್ಲ. ಮೈಮೇಲೆ ಅದು ಇರುವುದೂ ಅರೆ ನಿಮಿಷ, ಆಮೇಲೆ ಬಚ್ಚಲಿಗೆ. ಮೈ ಶುದ್ಧ ಮಾಡುವುದು ಜಿಡ್ಡನ್ನೂ ಕೊಳೆಯನ್ನೂ ಎಬ್ಬಿಸುವ ಸೋಪೇ ಹೊರತು ಅದರೊಳಗಿನ ಜೀವಿಯಲ್ಲ. ಸೋಪನ್ನೇ ನೇರವಾಗಿ ಪರೀಕ್ಷೆಯ ತಟ್ಟೆಗೆ ಹಾಕಿದಾಗ ಸುತ್ತ ಬ್ಯಾಕ್ಟೀರಿಯಾ ಸತ್ತರೂ ಅದು ಕ್ಷಾರದ ಕೆಲಸ ಇರಬಹುದು. ಪಕ್ಕದಲ್ಲಿ ಅಷ್ಟೇ ಕ್ಷಾರವಿರುವ ಮಾಮೂಲಿ ಸೋಪು ಇಟ್ಟು ನೋಡದೆ ಏನೂ ಹೇಳುವ ಹಾಗಿಲ್ಲ. ಇನ್ನೊಂದು ಮಾತು: ಆಹಾರ ವಿಷವಾಗಿಸುವ ಬ್ಯಾಸಿಲಸ್ ಸೀರಿಯಸ್ ಕೂಡ ಇದೇ ಮನೆತನದ್ದು. ಗಾಯದ ಮೇಲೆ ಇಂಥ ಸೋಪು ತಿಕ್ಕಬೇಡಿ.

ಕೈಮಗ್ಗದ ಬಟ್ಟೆಯಂತೆ ಕೈಸೋಪಿಗೂ ಒಂದು ಚೆಂದ ಇದೆ, ನನಗೂ ಇಷ್ಟ. ಆದರೆ 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಬ್ಯಾಕ್ಟೀರಿಯಾ ಕೊಲ್ಲಲೆಂದು ಹಾಕುತ್ತಿದ್ದ ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಕೈತೊಳೆಯುವ ಸೋಪಿನಿಂದ ಹೊರಹಾಕಿತು. ಅವು ಮಾಮೂಲಿ ಸೋಪು-ನೀರಿಗಿಂತ ಮೇಲು ಎಂದು ಕಂಪನಿಗಳು ತೋರಿಸಲಿಲ್ಲ. ಕೈಯಿಂದ ಮಾಡಿದ್ದು ಎಂಬ ಕಾರಣಕ್ಕೆ ಈ ಪ್ರಶ್ನೆಯಿಂದ ರಿಯಾಯಿತಿ ಯಾಕೆ?

ನಮ್ಮಲ್ಲಿ ಸೋಪು ತಯಾರಿಸಿ ಮಾರಲು ಲೈಸೆನ್ಸ್ ಬೇಕು, ಆಮದು ಮಾಡಿದ್ದಕ್ಕೆ ನೋಂದಣಿ ಬೇಕು. ಔಷಧಿಯ ಲೈಸೆನ್ಸ್ ಇಲ್ಲದೆ ರೋಗ ವಾಸಿ ಮಾಡುತ್ತದೆ ಎಂದು ಹೇಳಿಕೊಂಡು ಸೋಪು ಮಾರುವ ಹಾಗಿಲ್ಲ. ಔಷಧ ನಿಯಂತ್ರಣ ಇಲಾಖೆಯವರು ಆನ್‌ಲೈನ್ ಲೇಬಲ್‌ಗಳನ್ನು ಒಮ್ಮೆ ನೋಡಲಿ. ಪತ್ರಿಕೆಯವರೂ ಇಂಥ ಸುದ್ದಿ ಹಾಕುವಾಗ ಪರೀಕ್ಷೆ ನಡೆದದ್ದು ತಟ್ಟೆಯಲ್ಲೋ ಮನುಷ್ಯರ ಮೇಲೋ ಎಂದು ಮೊದಲ ಸಾಲಿನಲ್ಲೇ ತಿಳಿಸಬೇಕು.

– ನಿವೃತ್ತ ಉಪನ್ಯಾಸಕಿ, ಶಿವಮೊಗ್ಗ