ಹಳೆ ಪುಸ್ತಕಕ್ಕೆ ಸೆಲ್ಲೋಟೇಪ್ ಬೇಡ

ಮಾನ್ಯರೇ,

ಬೆಂಗಳೂರಿನ ಹಳೆ ಕಾಲೇಜೊಂದರ ಲೈಬ್ರರಿಯಲ್ಲಿ ನೂರು ವರ್ಷ ದಾಟಿದ ಕನ್ನಡ ಪುಸ್ತಕಗಳ ಹರಿದ ಪುಟಗಳಿಗೆ ಸೆಲ್ಲೋಟೇಪ್ ಅಂಟಿಸಿದ್ದನ್ನು ನೋಡಿ ಹೊಟ್ಟೆ ಉರಿಯಿತು. 19ನೇ ಶತಮಾನದ ಕೊನೆಯ ಹೊತ್ತಿಗೆ ಜಾಸ್ತಿ ಬಳಕೆಗೆ ಬಂದ ಮರದ ತಿರುಳಿನ ಕಾಗದದಲ್ಲಿ ಆಮ್ಲ ಇರುತ್ತದೆ, ಅದು ತಾನಾಗಿಯೇ ಹಳದಿಯಾಗಿ ಪುಡಿಯಾಗುತ್ತಾ ಹೋಗುತ್ತದೆ. ಮೇಲೆ ಟೇಪು ಬೇರೆ! ಕೀಳಲು ಹೋದರೆ ಅಕ್ಷರವೂ ಎದ್ದು ಬರುತ್ತದೆ. ತೆಳು ಜಪಾನಿ ಕಾಗದ, ಗೋಧಿ ಗಂಜಿಯ ಅಂಟು ಸಾಕು; ಬೇಕಾದಾಗ ನೀರಿನ ಪಸೆ ಕೊಟ್ಟು ಬಿಡಿಸಬಹುದು.

1894ರ ಕಿಟೆಲ್ ನಿಘಂಟಿನ ಮೊದಲ ಮುದ್ರಣದಂಥವನ್ನು ಸುಮ್ನೆ ಬೀಗ ಹಾಕಿಟ್ಟರೆ ಸಾಲದು, ಅಲ್ವಾ? ಕಾಲೇಜುಗಳು ತಮ್ಮಲ್ಲಿ ಏನಿದೆ ಎಂಬ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ಹಾಕಲಿ. ಹೊರಗಿನ ಓದುಗರಿಗೂ ಗುರುತಿನ ಚೀಟಿ ನೋಡಿ ಅಲ್ಲೇ ಕೂತು ಓದಲು ಬಿಡಲಿ.

— ಒಬ್ಬ ಓದುಗ, ಬಸವನಗುಡಿ, ಬೆಂಗಳೂರು