ಜನವರಿಯ ಸಿಇಟಿ ಅರ್ಜಿಗೆ ಜೂನ್‌ನಲ್ಲೇ ಕಾಗದಪತ್ರ ಜೋಡಿಸಿ

ಮಾನ್ಯರೆ,

ಪಿಯು ಕಾಲೇಜುಗಳು ಮತ್ತೆ ತೆರೆದಿವೆ. ಮಂಡ್ಯ, ಮೈಸೂರು ಜಿಲ್ಲೆಗಳ ಹಳ್ಳಿಗಳಿಂದ ಬೆಳಿಗ್ಗೆ ಬಸ್ಸು ಹತ್ತಿ ಬರುವ ದ್ವಿತೀಯ ಪಿಯು ಮಕ್ಕಳಿಗೆ ‘ಚೆನ್ನಾಗಿ ಓದು’ ಎಂದು ಹೇಳುವವರು ಮನೆ ತುಂಬ ಇದ್ದಾರೆ. ‘ನಿನ್ನ ಜಾತಿ–ಆದಾಯ ಪ್ರಮಾಣಪತ್ರ ಯಾವ ವರ್ಷದ್ದು?’ ಎಂದು ಕೇಳುವವರು ಕಡಿಮೆ. ಒಳ್ಳೆಯ ಅಂಕ ಇದ್ದೂ ಬಂದಿರಬೇಕಾದ ಸೀಟು ಬಾರದೆ ಹೋಗುವುದನ್ನು ಪ್ರತಿ ವರ್ಷ ಕಾಣುತ್ತೇವೆ. ಅಂಥ ಕಡೆ ತಡವಾಗಿ ಹುಡುಕಿದ ಒಂದು ಕಾಗದವೋ ಅವಸರದಲ್ಲಿ ತುಂಬಿದ ಒಂದು ಪಟ್ಟಿಯೋ ಕಾರಣವಾಗಿರುತ್ತದೆ. ಇವೆರಡನ್ನೂ ಮೊದಲೇ ಸರಿಮಾಡಿಕೊಳ್ಳಬಹುದು. ಅದಕ್ಕಾಗಿ ಈ ಪತ್ರ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಈಚಿನ ವರ್ಷಗಳಲ್ಲಿ ಎಂಜಿನಿಯರಿಂಗ್, ಕೃಷಿ ಮೊದಲಾದ ಪದವಿಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯ ಅರ್ಜಿಯನ್ನು ಜನವರಿಯಲ್ಲೇ ತೆರೆಯುತ್ತಿದೆ. ಆಗ ಮಕ್ಕಳು ಪ್ರಾಯೋಗಿಕ ಪರೀಕ್ಷೆ, ಪೂರ್ವಸಿದ್ಧತಾ ಪರೀಕ್ಷೆಗಳ ನಡುವೆ ಇರುತ್ತಾರೆ. ಅರ್ಜಿ ಕೇಳುವುದು ಶಾಲಾ ದಾಖಲೆಯಲ್ಲಿರುವ ವಿದ್ಯಾರ್ಥಿಯ ಸ್ಯಾಟ್ಸ್ ನಂಬರು, ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು, 1ನೇ ತರಗತಿಯಿಂದ ಎಲ್ಲೆಲ್ಲಿ, ಯಾವ ಮಾಧ್ಯಮದಲ್ಲಿ ಓದಿದ್ದು ಎಂಬ ವಿವರ. ಆರ್‌ಡಿ ನಂಬರು ಹಾಕಿದ ಕೂಡಲೇ ಕಂದಾಯ ಇಲಾಖೆಯ ದಾಖಲೆಯೊಂದಿಗೆ ತಾಳೆಯಾಗಬೇಕು. ತಾಳೆಯಾಗದಿರಲು ಸಾಮಾನ್ಯ ಕಾರಣಗಳು ಮೂರು. ತಂದೆಯ ಹೆಸರಿನ ಪ್ರಮಾಣಪತ್ರದ ನಂಬರು ಹಾಕಿರುತ್ತಾರೆ. ಅದು ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ’ ಎಂದಿದ್ದರೆ ಪ್ರಮಾಣಪತ್ರದಲ್ಲಿ ‘ಕೆ. ಮಂಜು’ ಎಂದಿರುತ್ತದೆ. ಇಲ್ಲವೇ ಅವಧಿ ಮುಗಿದಿರುತ್ತದೆ. ಹಿಂದುಳಿದ ವರ್ಗಗಳ 2ಎ, 2ಬಿ, 3ಎ, 3ಬಿ ಪ್ರವರ್ಗದವರ ಜಾತಿ–ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಮಾತ್ರ ಮಾನ್ಯತೆ. 8ನೇ ತರಗತಿಗೆ ಸೇರುವಾಗ ಮಾಡಿಸಿದ್ದು ಪಿಯು ಮುಗಿಯುವ ಹೊತ್ತಿಗೆ ಸರಿಯಾಗಿ ಸತ್ತುಹೋಗುತ್ತದೆ. ಪರಿಶಿಷ್ಟರ ಜಾತಿ ಪ್ರಮಾಣಪತ್ರಕ್ಕೆ ಈ ತೊಂದರೆ ಇಲ್ಲ. ಅವರು ಆದಾಯ ಪ್ರಮಾಣಪತ್ರದ ದಿನಾಂಕ ನೋಡಿಕೊಂಡರೆ ಸಾಕು.

ನಾಡಕಚೇರಿಯಲ್ಲಿ ಅರ್ಜಿ ಕೊಟ್ಟ ಮೇಲೆ ಗ್ರಾಮ ಆಡಳಿತಾಧಿಕಾರಿಯ ವರದಿ, ಕಂದಾಯ ನಿರೀಕ್ಷಕರ ಪರಿಶೀಲನೆ, ಆಮೇಲೆ ಸಹಿ. ಜನವರಿಯಲ್ಲಿ ಎಲ್ಲರೂ ಒಟ್ಟಿಗೆ ನುಗ್ಗಿದರೆ ಯಾವ ಕಚೇರಿಯೂ ತಡೆದುಕೊಳ್ಳದು. ಜೂನ್, ಜುಲೈನಲ್ಲಿ ಹೋದವರಿಗೆ ತಪ್ಪು ಕಂಡರೆ ಇನ್ನೊಂದು ಅರ್ಜಿ ಹಾಕಲೂ ಸಮಯ ಉಳಿಯುತ್ತದೆ.

ಗ್ರಾಮೀಣ ಕೋಟಾ ನಮ್ಮ ಎರಡು ಜಿಲ್ಲೆಗಳಿಗೆ ಬಹಳ ಮುಖ್ಯ. ಹಾಗೆಯೇ ಬಹಳ ತಪ್ಪುಗಳಾಗುವ ಜಾಗವೂ ಅದೇ. ಶೇ 15 ಸೀಟು ಗ್ರಾಮೀಣ ಅಭ್ಯರ್ಥಿಗಳಿಗೆ, ಶೇ 5 ಕನ್ನಡ ಮಾಧ್ಯಮದವರಿಗೆ. ಗ್ರಾಮೀಣ ಎನ್ನಲು 1ರಿಂದ 10ನೇ ತರಗತಿಯವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಮನೆ ಹಳ್ಳಿಯಲ್ಲಿದ್ದು ಶಾಲೆ ಪಟ್ಟಣದಲ್ಲಿದ್ದರೆ ಬರುವುದಿಲ್ಲ. ಒಂದೇ ವರ್ಷ ನಗರದಲ್ಲಿ ಓದಿದ್ದರೂ ಹೋಯಿತು. ಪಿಯು ಎಲ್ಲಿ ಓದಿದರೂ ಅಡ್ಡಿಯಿಲ್ಲ. ಹಳ್ಳಿಯ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಓದಿದವರೂ ಗ್ರಾಮೀಣ ಕೋಟಾ ಕೇಳಬಹುದು. ಅಲ್ಲಿ ನೋಡುವುದು ಶಾಲೆ ಇರುವ ಜಾಗ, ಮಾಧ್ಯಮವನ್ನಲ್ಲ. ಸಾಮಾನ್ಯ ವರ್ಗದ ಮಕ್ಕಳಿಗೂ ಇದು ಸಿಗುತ್ತದೆ, ಆದರೆ ಕೆನೆಪದರಕ್ಕೆ ಸೇರಿಲ್ಲ ಎಂಬ ಪ್ರಮಾಣಪತ್ರ ಬೇಕು. ಇದು ಗೊತ್ತಿಲ್ಲದೆ ‘ನಮಗೆ ಯಾವ ಕೋಟಾವೂ ಇಲ್ಲ’ ಎಂದು ಆ ಜಾಗವನ್ನು ಖಾಲಿ ಬಿಟ್ಟು ಬರುವವರಿದ್ದಾರೆ. ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿ ಸಾಲದು, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಪ್ರಾಥಮಿಕ ಶಾಲೆ ಒಂದು ತಾಲ್ಲೂಕಿನಲ್ಲಿ, ಪ್ರೌಢಶಾಲೆ ಇನ್ನೊಂದರಲ್ಲಿ ಆಗಿದ್ದರೆ ಎರಡು ಬಿಇಒ ಕಚೇರಿಗೆ ಓಡಾಡಬೇಕು. ಆ ಓಡಾಟಕ್ಕೆ ದಸರಾ ರಜೆಯೇ ಸರಿಯಾದ ಸಮಯ.

ಮೈಸೂರಿನ ಅಂಚಿನಲ್ಲಿರುವವರು ಇನ್ನೂ ಎಚ್ಚರವಾಗಿರಬೇಕು. 2020ರಲ್ಲಿ ಹೂಟಗಳ್ಳಿಯನ್ನು ನಗರಸಭೆಯಾಗಿ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳಗಳನ್ನು ಪಟ್ಟಣ ಪಂಚಾಯಿತಿಗಳಾಗಿ ಮೇಲ್ದರ್ಜೆಗೇರಿಸಲಾಯಿತು. ಈ ಸುತ್ತಿನ ಶಾಲೆಗಳಲ್ಲಿ ಕಲಿತವರು ತಾವು ಓದಿದ ಯಾವ ವರ್ಷದಲ್ಲಿ ಶಾಲೆ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿತ್ತು, ಯಾವ ವರ್ಷದಲ್ಲಿ ಇರಲಿಲ್ಲ ಎಂಬುದನ್ನು ಬಿಇಒ ಕಚೇರಿಯಲ್ಲಿ ಮೊದಲೇ ಕೇಳಿ ತಿಳಿಯಬೇಕು. ಅಣ್ಣನಿಗೆ ಸಿಕ್ಕ ಗ್ರಾಮೀಣ ಪ್ರಮಾಣಪತ್ರ ತಂಗಿಗೂ ಸಿಗುತ್ತದೆಂದು ನಂಬಿ ಕೂರುವಂತಿಲ್ಲ.

ರೈತರ ಮಕ್ಕಳು ಕೃಷಿ ಪದವಿಗೆ ಕೃಷಿಕ ಕೋಟಾವನ್ನು ಸಿಇಟಿ ಅರ್ಜಿಯಲ್ಲೇ ಕೇಳಿಕೊಳ್ಳಬೇಕು, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಮಂಡ್ಯದ ವಿ.ಸಿ. ಫಾರಂ ಕೃಷಿ ಕಾಲೇಜಿನ ಬೇಲಿಯ ಪಕ್ಕದಲ್ಲೇ ಗದ್ದೆ ಇರುವ ಮನೆಗಳ ಮಕ್ಕಳೂ ಇದನ್ನು ತಿಳಿಯದೆ ಹೋಗಬಾರದು. ಇನ್ನು ನೀಟ್ ಬರೆಯುವವರು: ವೈದ್ಯಕೀಯದ ರಾಜ್ಯ ಕೋಟಾಕ್ಕೆ ಪ್ರಾಧಿಕಾರದಲ್ಲಿ ಪ್ರತ್ಯೇಕವಾಗಿ ನೋಂದಾಯಿಸಿರಬೇಕು, ನೀಟ್ ಅಂಕ ಒಂದೇ ಸಾಲದು. ಕೇಂದ್ರ ಸಂಸ್ಥೆಗಳಿಗೆ ರಾಜ್ಯದ 2ಎ, 3ಎ ಪ್ರಮಾಣಪತ್ರ ನಡೆಯದು. ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯೇ ಬೇರೆ, ನಮೂನೆಯೂ ಬೇರೆ. ಐಐಟಿ, ಎನ್‌ಐಟಿ ಪ್ರವೇಶಕ್ಕೆ ಆ ವರ್ಷದ ಏಪ್ರಿಲ್ 1ರ ನಂತರ ಪಡೆದದ್ದೇ ಆಗಬೇಕು.

ಅಂಕದ ಲೆಕ್ಕವನ್ನೂ ಮಕ್ಕಳಿಗೆ ಬಿಡಿಸಿ ಹೇಳಬೇಕು. ಎಂಜಿನಿಯರಿಂಗ್ ರ‍್ಯಾಂಕಿಗೆ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಪಿಯು ಅಂಕ 300ಕ್ಕೆ ಅರ್ಧ ತೂಕ, ಸಿಇಟಿಯ 180ಕ್ಕೆ ಇನ್ನರ್ಧ. ಪಿಯುವಿನಲ್ಲಿ 270, ಸಿಇಟಿಯಲ್ಲಿ 90 ಬಂದವರಿಗೆ 45 ಮತ್ತು 25 ಸೇರಿ 70. ಪಿಯುವಿನಲ್ಲಿ 240, ಸಿಇಟಿಯಲ್ಲಿ 120 ಬಂದವರಿಗೆ 40 ಮತ್ತು 33.33 ಸೇರಿ 73.33. ಸಿಇಟಿಯ ಒಂದು ಅಂಕ ಪಿಯುವಿನ ಒಂದೂ ಮುಕ್ಕಾಲಿಗೆ ಹತ್ತಿರ ತೂಗುತ್ತದೆ. ಪಿಯು ಪರೀಕ್ಷೆ ಮುಗಿದ ಮೇಲೆ ಸಿಇಟಿಗೆ ಸಿಗುವ ಕೆಲವು ವಾರಗಳನ್ನು ಊರ ಹಬ್ಬ, ಮದುವೆಗಳಲ್ಲಿ ಕಳೆಯಬಾರದೆನ್ನುವುದು ಈ ಕಾರಣಕ್ಕೆ. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ತಪ್ಪಿಗೆ ಒಂದು ಅಂಕ ಹೋಗುತ್ತದೆ. ಎರಡನ್ನೂ ಬರೆಯುವವರು ಈ ವ್ಯತ್ಯಾಸ ನೆನಪಿಟ್ಟು ಕೂರಬೇಕು.

ರ‍್ಯಾಂಕ್ ಬಂದ ಮೇಲಿನ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿ ತುಂಬುವ ಕೆಲಸ ಎಷ್ಟೋ ಕಡೆ ಸೈಬರ್ ಸೆಂಟರಿನ ಹುಡುಗನ ಕೈಗೆ ಹೋಗುತ್ತದೆ. ಅವನದು ತಪ್ಪೇನಲ್ಲ, ಸಾಲಿನಲ್ಲಿ ಇನ್ನೂ ಇಪ್ಪತ್ತು ಜನ ಕಾಯುತ್ತಿರುತ್ತಾರೆ. ಆದರೆ ಮಗುವಿನ ನಾಲ್ಕು ವರ್ಷ ನಿರ್ಧಾರವಾಗುವುದು ಆ ಪಟ್ಟಿಯ ಮೇಲೆ. ಹಂಚಿಕೆ ನಡೆಯುವ ರೀತಿ ಹೀಗೆ: ನಿಮ್ಮ ರ‍್ಯಾಂಕಿನ ಸರದಿ ಬಂದಾಗ ಗಣಕಯಂತ್ರ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತಾ ಬರುತ್ತದೆ, ನಿಮಗೆ ಖಾಲಿ ಇರುವ ಮೊದಲ ಸೀಟನ್ನು ಕೊಡುತ್ತದೆ. ಆದ್ದರಿಂದ ಸಿಗಲಾರದು ಎನಿಸುವ ಕಾಲೇಜನ್ನು ಮೇಲೆ ಬರೆದರೆ ಕೆಳಗಿನದಕ್ಕೆ ಯಾವ ಹಾನಿಯೂ ಇಲ್ಲ. ‘ಸಿಗುವುದನ್ನೇ ಮೊದಲು ಹಾಕು’ ಎಂಬ ಸಲಹೆಯಿಂದ ಹಾನಿ ಇದೆ. ಮಂಡ್ಯದ ಪಿಇಎಸ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಬೇಕೆನ್ನುವವರು ಅದಕ್ಕಿಂತ ಕಡಿಮೆ ಇಷ್ಟವಾದದ್ದನ್ನು ಮೇಲೆ ಬರೆದರೆ ಆ ಕಡಿಮೆ ಇಷ್ಟದ್ದೇ ಬಂದು ಕೂರುತ್ತದೆ. ಪಟ್ಟಿಯ ಕ್ರಮ ಆಸೆಯ ಕ್ರಮದಲ್ಲೇ ಇರಲಿ. ಉದ್ದವೂ ಬೇಕು, ಆರೇಳು ಕಾಲೇಜು ಬರೆದು ಮುಗಿಸಿದವರು ಒಂದೂ ಸಿಗದೆ ಉಳಿಯುತ್ತಾರೆ. ಹಾಗೆಂದು ಹೋಗಲು ಮನಸ್ಸಿಲ್ಲದ, ಹಾಸ್ಟೆಲ್ ಖರ್ಚು ಕೈಗೆಟುಕದ ಕಾಲೇಜನ್ನು ಉದ್ದಕ್ಕಾಗಿ ಸೇರಿಸಬಾರದು, ಅದೇ ಸಿಕ್ಕಿಬಿಟ್ಟೀತು.

ಪ್ರಾಧಿಕಾರದ ಜಾಲತಾಣದಲ್ಲಿ ಹಿಂದಿನ ವರ್ಷದ ಕಟ್‌ಆಫ್ ಸುತ್ತುವಾರು ಸಿಗುತ್ತದೆ. ಅದರಲ್ಲಿ ಜಿಎಂ, ಅಂದರೆ ಸಾಮಾನ್ಯ ವರ್ಗದ ಕಾಲಂ ಮಾತ್ರ ನೋಡಿ ಎದೆಗುಂದುವವರು ಬಹಳ. 3ಎಆರ್ ಎಂದರೆ 3ಎ ಪ್ರವರ್ಗದ ಗ್ರಾಮೀಣ, 2ಎಕೆ ಎಂದರೆ 2ಎ ಕನ್ನಡ ಮಾಧ್ಯಮ, ಜಿಎಂಆರ್ ಎಂದರೆ ಸಾಮಾನ್ಯ ವರ್ಗದ ಗ್ರಾಮೀಣ. ತಮ್ಮ ಕಾಲಂ ಹುಡುಕಿ ಕಾಲೇಜು, ಕೋರ್ಸು, ಕಟ್‌ಆಫ್, ಮನೆಯಿಂದ ದೂರ, ಶುಲ್ಕ ಎಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಮನೆಯಲ್ಲಿ ಕೂತು ಬರೆದುಕೊಂಡು, ಆಮೇಲೆ ಕಂಪ್ಯೂಟರ್ ಮುಂದೆ ಹೋಗಬೇಕು. ಅಣಕು ಹಂಚಿಕೆಯ ಫಲಿತಾಂಶ ನೋಡಿ ಪಟ್ಟಿ ತಿದ್ದಲು ಅವಕಾಶವಿದೆ. ಅಣಕು ಸುತ್ತಿನಲ್ಲಿ ಬಂದದ್ದೇ ಖಾಯಂ ಎಂದುಕೊಂಡು ಸುಮ್ಮನಾಗುವವರಿಗೆ ಇದನ್ನು ಒತ್ತಿ ಹೇಳಬೇಕು.

ನಿಜವಾದ ಸುತ್ತಿನ ಬಳಿಕ ನಾಲ್ಕು ಆಯ್ಕೆಗಳು. ಒಂದು: ಒಪ್ಪಿ ಸೇರುವುದು. ಎರಡು: ಸಿಕ್ಕಿದ್ದನ್ನು ಇಟ್ಟುಕೊಂಡು ಮೇಲಿನದಕ್ಕೆ ಕಾಯುವುದು. ಮೂರು: ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು: ಪೂರ್ತಿ ಹೊರಬರುವುದು. ಎರಡನೆಯದನ್ನು ಒತ್ತಿದವರಿಗೆ ಮೇಲಿನ ಸೀಟು ಸಿಕ್ಕರೆ ಮೊದಲಿನದು ತಾನೇ ರದ್ದಾಗುತ್ತದೆ, ‘ಹಳೆಯದೇ ಇರಲಿ’ ಎನ್ನಲು ಬರುವುದಿಲ್ಲ. ಮೂರನೆಯದರಲ್ಲಿ ಕೈಲಿದ್ದದ್ದು ಹೋಗುತ್ತದೆ. ಮೊದಲನೆಯದನ್ನು ಒತ್ತಿ, ಶುಲ್ಕ ಕಟ್ಟಿ, ಪ್ರವೇಶ ಆದೇಶ ತೆಗೆದುಕೊಂಡರೂ ಹೇಳಿದ ದಿನದೊಳಗೆ ಕಾಲೇಜಿಗೆ ವರದಿ ಮಾಡಿಕೊಳ್ಳದಿದ್ದರೆ ಸೀಟಿಲ್ಲ. ಈ ಎಲ್ಲ ಹೊತ್ತಿನಲ್ಲೂ ಓಟಿಪಿ ಬರುವುದು ಅರ್ಜಿಯಲ್ಲಿ ಕೊಟ್ಟ ಮೊಬೈಲಿಗೆ. ಅಲ್ಲಿ ಸೆಂಟರಿನವರ ನಂಬರು ಕೊಟ್ಟವರ ಪಾಡು ಆಮೇಲೆ ಬಹಳ ಕಷ್ಟ. ಮನೆಯ ನಂಬರು ಕೊಡಿ, ವರ್ಷ ಮುಗಿಯುವತನಕ ಆ ಸಿಮ್ ರೀಚಾರ್ಜ್ ತಪ್ಪಿಸಬೇಡಿ.

ಸಿಇಟಿಯ ಗದ್ದಲದಲ್ಲಿ ನಮ್ಮ ಸುತ್ತಲೇ ಇರುವ ಬೇರೆ ಬಾಗಿಲುಗಳು ಕಾಣದೆ ಹೋಗುತ್ತವೆ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪದವಿಗೆ ಅದರದೇ ಪ್ರವೇಶ ಪರೀಕ್ಷೆ. ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ನಾಲ್ಕು ವರ್ಷದ ಶಿಕ್ಷಕ ಪದವಿಗೆ ಎನ್‌ಸಿಇಟಿ ಎಂಬ ರಾಷ್ಟ್ರಮಟ್ಟದ ಪರೀಕ್ಷೆ. ರಾಷ್ಟ್ರೀಯ ಕಾನೂನು ಶಾಲೆಗಳ ಪ್ರವೇಶ ಪರೀಕ್ಷೆ ಕ್ಲಾಟ್ ಈಗ ಡಿಸೆಂಬರ್‌ನಲ್ಲೇ, ಅಂದರೆ ಪಿಯು ಪರೀಕ್ಷೆಗೂ ಮೊದಲು ನಡೆಯುತ್ತದೆ. ಮಹಾರಾಜ, ಯುವರಾಜ ಕಾಲೇಜುಗಳಲ್ಲಿ ಬಿಎ, ಬಿಎಸ್ಸಿ ಮಾಡುವುದು ಸೋತವರ ದಾರಿ ಎಂಬ ಮಾತು ಮನೆಗಳಲ್ಲಿ ನಿಲ್ಲಬೇಕು.

ರಾಜ್ಯದ ವಿದ್ಯಾರ್ಥಿವೇತನ ಜಾಲತಾಣದ ಎಸ್‌ಎಸ್‌ಪಿ ಅರ್ಜಿ ಸಿಕ್ಕಿಬೀಳುವುದು ಆಧಾರ್ ಹೆಸರಿನಲ್ಲಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಲ್ಲಿ. ಹದಿನೈದು ತುಂಬಿದ ಮೇಲೆ ಬೆರಳಚ್ಚು ನವೀಕರಿಸದಿದ್ದರೂ ತೊಡಕಾಗುತ್ತದೆ. ಅಂಕಪಟ್ಟಿ ತಿದ್ದಿಸುವುದಕ್ಕಿಂತ ಅಂಕಪಟ್ಟಿ ತೋರಿಸಿ ಆಧಾರ್ ತಿದ್ದಿಸುವುದು ಸುಲಭ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಅವಕಾಶ ಎರಡೇ ಸಲ, ಆದ್ದರಿಂದ ಅಕ್ಷರ ಅಕ್ಷರ ನೋಡಿ ಕೊಡಬೇಕು.

ಎರಡು ಜಿಲ್ಲೆಗಳ ಶಾಲಾ, ಪಿಯು ಆಡಳಿತಕ್ಕೆ ನಮ್ಮ ಬೇಡಿಕೆ ಇಷ್ಟು. ಪ್ರೌಢಶಾಲೆಗಳು 10ನೇ ತರಗತಿಯವರಿಗೆ ಟಿಸಿ ಕೊಡುವಾಗಲೇ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರಗಳನ್ನು ಭರ್ತಿ ಮಾಡಿ, ಇಡೀ ತರಗತಿಯದನ್ನು ಒಟ್ಟಿಗೆ ಬಿಇಒ ಮೇಲುಸಹಿಗೆ ಕಳಿಸಲಿ. ಪಿಯು ಕಾಲೇಜುಗಳು ಜುಲೈನಲ್ಲಿ ಒಂದು ಮಧ್ಯಾಹ್ನ ಪ್ರತಿ ವಿದ್ಯಾರ್ಥಿಯ ಆರ್‌ಡಿ ನಂಬರು, ಸ್ಯಾಟ್ಸ್ ವಿವರ, ಹೆಸರಿನ ಕಾಗುಣಿತ ನೋಡಲಿ. ಆಪ್ಷನ್ ಎಂಟ್ರಿಯ ದಿನಗಳಲ್ಲಿ ಕಾಲೇಜಿನ ಕಂಪ್ಯೂಟರ್ ಕೊಠಡಿಯನ್ನು ಬೆಳಿಗ್ಗೆಯಿಂದ ಸಂಜೆವರೆಗೆ ತೆರೆದಿಟ್ಟು, ಕಟ್‌ಆಫ್ ಓದಬಲ್ಲ ಒಬ್ಬ ಉಪನ್ಯಾಸಕರನ್ನು ಅಲ್ಲಿ ಕೂರಿಸಲಿ. ಆ ದಿನಗಳು ಬೇಸಿಗೆ ರಜೆಯಲ್ಲಿ ಬಿದ್ದರೆ ಆ ಉಪನ್ಯಾಸಕರಿಗೆ ಬದಲಿ ರಜೆ ಕೊಡುವ ಆದೇಶವನ್ನು ಪದವಿಪೂರ್ವ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಈಗಲೇ ಹೊರಡಿಸಲಿ.

— ಇಬ್ಬರು ಪದವಿಪೂರ್ವ ಉಪನ್ಯಾಸಕರು, ಮಂಡ್ಯ